ಹಣ್ಣೆಲೆಯ ಕಾಲದ ಕಾಂಕಾಮಾಗಸ್ ದಾರಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಲಿಂಕನ್‌ನಿಂದ ಕಾನ್ವೇವರೆಗೆ ಕಾಡುಬೆಟ್ಟಗಳ ನಡುವೆ ಸಾಗುವ ಕಾಂಕಾಮಾಗಸ್ ಹೆದ್ದಾರಿ ಸುಮಾರು 55 ಕಿ.ಮೀ. ಉದ್ದವಿದೆ. ಎಲೆಗಳಿಗೆ ಬಣ್ಣ ತುಂಬುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಹಗಲು ಕುಗ್ಗಿದಂತೆ ಎಲೆಯ ಹಸಿರು ಅಳಿದು, ಒಳಗಿದ್ದ ಹಳದಿ ಹೊರಬೀಳುತ್ತದೆ. ಮೇಪಲ್‌ನ ಕೆಂಪು ಮಾತ್ರ ಆಗ ಹೊಸದಾಗಿ ಹುಟ್ಟುವಂಥದ್ದು. ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಂಪಾದ ರಾತ್ರಿ ಸಿಕ್ಕರೆ ಆ ಕೆಂಪು ಕಣ್ಣು ಕೋರೈಸುತ್ತದೆ. ಎತ್ತರದ ಜಾಗದ ಮರಗಳು ಮೊದಲು ಬಣ್ಣ ತಿರುಗುತ್ತವೆ. ಹಾಗಾಗಿ ಬೇಗ ಬಂದವರು ಘಟ್ಟ ಹತ್ತಬೇಕು, ತಡವಾದವರು ಕಣಿವೆಗೆ ಇಳಿಯಬೇಕು. ಅಕ್ಟೋಬರ್ ಎರಡನೇ ಸೋಮವಾರದ ರಜೆಗೆ ಜನ ಮುಗಿಬೀಳುತ್ತಾರೆ. ವಸತಿಯನ್ನು ತಿಂಗಳುಗಳ ಮುಂಚೆಯೇ ಕಾದಿರಿಸಬೇಕು, ವಾರದ ನಡುವೆ ಹೊರಟರೆ ಇನ್ನೂ ಮೇಲು. ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಮೊಬೈಲ್ ಸಿಗ್ನಲ್ಲನ್ನೂ ನೆಚ್ಚುವಂತಿಲ್ಲ. ಲಿಂಕನ್‌ನಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆ ಡೌನ್‌ಲೋಡ್ ಮಾಡಿಕೊಂಡು ಹೊರಡಬೇಕು.