ಕಾಫಿಯ ಮೇಲೆ ಬಂದ ಅಪವಾದ



ಒಂದು ರೋಗ ಬಂದವರನ್ನೂ ಬಾರದವರನ್ನೂ ಆರಿಸಿಕೊಂಡು, ಅವರ ಹಿಂದಿನ ಅಭ್ಯಾಸಗಳನ್ನು ಕೇಳಿ ಹೋಲಿಸುವುದೇ ‘ಕೇಸ್-ಕಂಟ್ರೋಲ್’ ಅಧ್ಯಯನ. ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ನೋಡುವುದು ರೋಗಿಗಳನ್ನಲ್ಲ, ಹೋಲಿಕೆಗೆ ತೆಗೆದುಕೊಂಡವರನ್ನು.

1981ರಲ್ಲಿ ಅಮೆರಿಕದ ಹಾರ್ವರ್ಡ್‌ನ ಬ್ರಯಾನ್ ಮ್ಯಾಕ್‌ಮಹೊನ್ ತಂಡವು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 369 ಮಂದಿಯನ್ನು ಬೇರೆ ಕಾಯಿಲೆಗಳ 644 ಮಂದಿಯೊಂದಿಗೆ ಹೋಲಿಸಿತು. ಕ್ಯಾನ್ಸರ್ ಇದ್ದವರಲ್ಲಿ ಕಾಫಿ ಕುಡಿಯುವವರು ಹೆಚ್ಚು. ಅನುಮಾನ ಕಾಫಿಯ ಮೇಲೆ ಬಿತ್ತು. ಆದರೆ ಆ 644 ಮಂದಿ ಅದೇ ವೈದ್ಯರು ಆಸ್ಪತ್ರೆಗೆ ಸೇರಿಸಿದ್ದ ರೋಗಿಗಳು. ಹಲವರಿಗೆ ಹೊಟ್ಟೆ, ಕರುಳಿನ ತೊಂದರೆ. ಅಂಥವರು ಕಾಫಿ ಕಡಿಮೆ ಮಾಡುವುದು ಸಹಜ. ಹಾಗಾದರೆ ಇವರು ಹೆಚ್ಚು ಕುಡಿದರೋ, ಅವರು ಕಡಿಮೆ ಕುಡಿದರೋ? 1986ರಲ್ಲಿ ಅದೇ ತಂಡದ ಮುಂದಿನ ಅಧ್ಯಯನದಲ್ಲಿ ಆ ಬಲವಾದ ನಂಟು ಕಾಣಲಿಲ್ಲ.

ನೀವೂ ಮೂರು ಪ್ರಶ್ನೆ ಕೇಳಿ: ಹೋಲಿಕೆಯವರನ್ನು ಎಲ್ಲಿಂದ ಆರಿಸಿದರು? ಎರಡೂ ಗುಂಪನ್ನು ಒಂದೇ ರೀತಿ ವಿಚಾರಿಸಿದರೇ? ವಯಸ್ಸು, ಧೂಮಪಾನದಂಥ ಬೇರೆ ಕಾರಣಗಳನ್ನು ಲೆಕ್ಕಕ್ಕೆ ಹಿಡಿದರೇ? ಉತ್ತರ ಸಿಗುವವರೆಗೆ ‘ಇದರಿಂದ ಕ್ಯಾನ್ಸರ್ ಬರುತ್ತದೆ’ ಎಂಬ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಬೇಡಿ.