ಠಾಣೆಯಲ್ಲಿ ಕೇಳುವ ಮೊದಲ ಪ್ರಶ್ನೆ: ಮಗನ ವಯಸ್ಸೆಷ್ಟು?

ಜಾತ್ರೆ ಹತ್ತಿರ ಬಂತೆಂದರೆ ಊರಂಚಿನ ಆ ಓಣಿಯ ತಾಯಂದಿರಿಗೆ ನಿದ್ದೆ ಹತ್ತುವುದಿಲ್ಲ. ತೇರಿನ ಗದ್ದಲದಲ್ಲಿ ಯಾರದೋ ಕೊರಳಿನ ಸರ ಹೋದರೆ ಪೊಲೀಸ್ ಜೀಪು ಮೊದಲು ನಿಲ್ಲುವುದು ಅವರ ಮನೆಗಳ ಮುಂದೆ. ಅಲ್ಲಿರುವವರು ಕೊರಮ, ಕೊರಚ, ಪಾರಧಿ, ಗಂಟಿಚೋರ ಸಮುದಾಯದವರು. 1871ರಲ್ಲಿ ಬ್ರಿಟಿಷರು ಶುರುಮಾಡಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಕುಲಗಳನ್ನೇ ಹುಟ್ಟುಗಳ್ಳರೆಂದು ಬರೆದಿಟ್ಟಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಬೇಲಿ ಹಾಕಿದ ‘ಸೆಟ್ಲ್‌ಮೆಂಟ್’ಗಳೊಳಗೆ ಅವರನ್ನು ಕೂಡಿಹಾಕಿದರು. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಗಿ ಇವರು ‘ವಿಮುಕ್ತ ಬುಡಕಟ್ಟು’ಗಳಾದರು. ಠಾಣೆಯ ತಲೆಯೊಳಗಿನ ಪಟ್ಟಿ ಮಾತ್ರ ಇನ್ನೂ ರದ್ದಾಗಿಲ್ಲ.

ಹೋದ ವರ್ಷ ಅಂಥ ಓಣಿಯ ತಾಯಿಯೊಬ್ಬರು ನನ್ನ ಕಚೇರಿಗೆ ಬಂದರು. ಮಗನನ್ನು ರಾತ್ರಿ ಎತ್ತಿಕೊಂಡು ಹೋಗಿದ್ದರು. ಇವರು ಬೆನ್ನಟ್ಟಿ ಠಾಣೆಗೆ ಹೋದಾಗ ಅಲ್ಲಿದ್ದವರು ಕೇಳಿದ್ದು ಒಂದೇ ಮಾತು, “ವಯಸ್ಸೆಷ್ಟು?” ಹೆದರಿದ ಈಕೆ, “ಇಪ್ಪತ್ತು ಇರಬೇಕ್ರೀ ಸಾಹೇಬ್ರ” ಅಂದುಬಿಟ್ಟಿದ್ದಾರೆ. ಗೇಟಿನ ಬಳಿ ನಿಂತಿದ್ದ ಪುಢಾರಿಯೊಬ್ಬ ಮೊದಲೇ ಹೇಳಿಕೊಟ್ಟಿದ್ದ: “ಸಣ್ಣಾಂವ ಅಂದ್ರ ರಿಮ್ಯಾಂಡ್ ಹೋಮಿಗೆ ಹಾಕ್ತಾರ, ದೊಡ್ಡಾಂವ ಅಂದ್ರ ಲಗೂನ ಬೇಲ್ ಸಿಗ್ತದ.” ಅದಕ್ಕೆ ಎರಡು ಸಾವಿರ ರೂಪಾಯಿಯನ್ನೂ ಇಸಿದುಕೊಂಡಿದ್ದ. ಶಾಲೆಯ ದಾಖಲೆಯಲ್ಲಿ ಹುಡುಗನಿಗೆ ಹದಿನಾರು ತುಂಬಿ ಕೆಲವೇ ತಿಂಗಳಾಗಿತ್ತು. ಒಂದೂವರೆ ತಿಂಗಳು ಅವನು ದೊಡ್ಡವರ ಜೈಲಿನಲ್ಲಿದ್ದ.

ನನ್ನ ಇಪ್ಪತ್ತು ವರ್ಷದ ವಕೀಲಿಕೆಯಲ್ಲಿ ಕಂಡಂತೆ, ಈ ಜನ ಕಳೆದುಕೊಂಡದ್ದು ಬಹುಪಾಲು ಈ ಒಂದು ಉತ್ತರದಲ್ಲೇ. ಅದಕ್ಕೇ ಉಳಿದ ಹಕ್ಕುಗಳಿಗಿಂತ ಮೊದಲು ಇದನ್ನು ಬರೆಯುತ್ತಿದ್ದೇನೆ. ಖಚಿತವಾಗಿ ಗೊತ್ತಿಲ್ಲದಿದ್ದರೆ ವಯಸ್ಸನ್ನು ಅಂದಾಜಿನಲ್ಲಿ ಹೇಳಬೇಡಿ. “ಮಗ ಮೈನರ್ ಇದ್ದಾನೆ, ಶಾಲೆ ದಾಖಲೆ ತರ್ತೀನಿ” ಅಂದಷ್ಟೇ ಸಾಕು. ಹದಿನೆಂಟು ತುಂಬದವನು ಎಂದಾದ ಕೂಡಲೇ 2015ರ ಬಾಲನ್ಯಾಯ ಕಾಯ್ದೆ ಅನ್ವಯವಾಗುತ್ತದೆ. ಆಮೇಲೆ ಅವನನ್ನು ಲಾಕಪ್ಪಿಗೂ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಹಿಡಿದ ವಿಷಯವನ್ನು ತಂದೆ ತಾಯಿಗೆ ತಿಳಿಸಬೇಕು. ಕೋಳ ತೊಡಿಸಬಾರದು, ತಪ್ಪೊಪ್ಪಿಕೊಳ್ಳೆಂದು ಒತ್ತಾಯಿಸಬಾರದು, ಹೇಳಿಕೆಗೆ ಸಹಿ ಹಾಕಿಸಬಾರದು. ಜಾಮೀನು ಕೊಡುವುದೇ ಇಲ್ಲಿ ನಿಯಮ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಮಗುವಿಗೇ ಅಪಾಯ, ನ್ಯಾಯಕ್ಕೆ ಅಡ್ಡಿ ಎಂಬ ಮೂರು ಕಾರಣಗಳಿಗಷ್ಟೇ ನಿರಾಕರಿಸಬಹುದು, ಅದೂ ಕಾರಣ ಬರೆದು. ‘ದೊಡ್ಡಾಂವ ಅಂದ್ರ ಲಗೂನ ಬೇಲ್’ ಎಂಬ ಪುಢಾರಿಯ ಮಾತು ಶುದ್ಧ ಸುಳ್ಳು.

ಹಾಗಾದರೆ ಯಾವ ಕಾಗದ ಬೇಕು? ಮೊದಲ ಸ್ಥಾನ ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರಕ್ಕೆ ಅಥವಾ ಎಸೆಸ್ಸೆಲ್ಸಿ ಅಂಕಪಟ್ಟಿಗೆ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುವ ವೈದ್ಯಕೀಯ ಪರೀಕ್ಷೆ. ಈ ಸಾಲಿನಲ್ಲಿ ಆಧಾರ್ ಕಾರ್ಡಿಲ್ಲ. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂಬುದನ್ನು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಪ್ರಕರಣವೊಂದರಲ್ಲಿ ಒಪ್ಪಿ, ಶಾಲೆಯ ದಾಖಲೆಯನ್ನೇ ಎತ್ತಿಹಿಡಿದಿದೆ. ಆದರೂ ಠಾಣೆಯವರು ಮೊದಲು ಕಸಿದುಕೊಳ್ಳುವುದು ಆಧಾರ್. ಕ್ಯಾಂಪಿನಲ್ಲಿ ಯಾರೋ ಬಾಯಿಮಾತಿನಲ್ಲಿ ಬರೆಸಿದ ‘ಜನವರಿ 1’ ಅದರಲ್ಲಿರುತ್ತದೆ.

ಇಲ್ಲೂ ತೊಡಕುಗಳಿವೆ. ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರ ಕಡೆ ಹೋದಾಗ ಹುಟ್ಟಿದ ಮಗುವಿನ ಜನನ ನೋಂದಣಿ ಅಲ್ಲೇ ಆಗಬೇಕು, ನಿಮ್ಮೂರ ಪಂಚಾಯಿತಿಯಲ್ಲಿ ಆಗುವುದಿಲ್ಲ. ವರ್ಷ ದಾಟಿದ ಮೇಲೆ ಮ್ಯಾಜಿಸ್ಟ್ರೇಟ್ ಅಧಿಕಾರವುಳ್ಳ ಕಂದಾಯ ಅಧಿಕಾರಿಯ ಆದೇಶವೂ ಬೇಕು. ಅಂಥ ಮಕ್ಕಳಿಗೆ ಶಾಲೆಯ ದಾಖಲೆಯೇ ಗಟ್ಟಿ. ಆದರೆ ಅದರಲ್ಲೂ ಎಷ್ಟೋ ಮಕ್ಕಳ ಜನ್ಮದಿನ ‘ಜೂನ್ 1’. ದಾಖಲು ಮಾಡುವ ದಿನ ಮಾಸ್ತರರು ಲೆಕ್ಕ ಹಾಕಿ ಬರೆದದ್ದು. ವರ್ಷವೊಂದು ಹಿಂದೆ ಬಿದ್ದಿದ್ದರೆ ಮಗ ಕಾಗದದ ಮೇಲೆ ಬೇಗ ದೊಡ್ಡವನಾಗಿಬಿಡುತ್ತಾನೆ. ಮಗು ಶಾಲೆಯಲ್ಲಿರುವಾಗಲೇ ನೋಡಿ, ತಿದ್ದುಪಡಿಗೆ ಅರ್ಜಿ ಕೊಡಿ. ಕೇಸಾದ ಮೇಲೆ ತಂದ ಕಾಗದವನ್ನು ಕೋರ್ಟು ಅನುಮಾನದಿಂದ ನೋಡುತ್ತದೆ. ಶಾಲೆ ಬಿಟ್ಟ ಮಗುವಾದರೆ ದಾಖಲಾತಿ ರಿಜಿಸ್ಟರಿನ ನಕಲನ್ನು ಮುಖ್ಯೋಪಾಧ್ಯಾಯರ ಸಹಿ, ಮೊಹರು ಸಮೇತ ಪಡೆಯಿರಿ. ಮೂರು ಪ್ರತಿ ಮಾಡಿಸಿ, ಒಂದನ್ನು ನಂಬಿಕಸ್ಥ ನೆಂಟರ ಮನೆಯಲ್ಲಿಡಿ. ಗುಡಿಸಲಿಗೆ ನುಗ್ಗಿದವರು ಟ್ರಂಕಿನೊಳಗಿನ ಕಾಗದವನ್ನೂ ಒಯ್ದದ್ದನ್ನು ನಾನು ಕಂಡಿದ್ದೇನೆ.

ಹುಡುಗನನ್ನು ಈಗಾಗಲೇ ಮಾಮೂಲಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ್ದರೆ, ವಕೀಲರು ಬರಲೆಂದು ಕಾಯಬೇಡಿ. ಎದ್ದುನಿಂತು, “ಸ್ವಾಮಿ, ಇವನು ಮೈನರ್” ಎಂದು ಹೇಳಿ. ವಯಸ್ಸಿನ ತಕರಾರು ಬಂದರೆ ಕೋರ್ಟು ಅದನ್ನು ವಿಚಾರಣೆ ಮಾಡಲೇಬೇಕು. ಶಿಕ್ಷೆಯಾದ ಮೇಲೂ ಈ ತಕರಾರು ಎತ್ತಬಹುದು. ಆ ತಾಯಿಯ ಮಗ ಹೊರಬಂದದ್ದೂ ವಯಸ್ಸಿನ ತಕರಾರು ಎತ್ತಿಯೇ.

ಎರಡನೆಯ ಎಚ್ಚರ, ಮುಚ್ಚಳಿಕೆ. “ಇದಕ್ಕೊಂದು ಹೆಬ್ಬೆಟ್ಟು ಒತ್ತು, ಕರ್ಕೊಂಡು ಹೋಗು” ಎನ್ನುತ್ತಾರೆ. ಬರೆದದ್ದನ್ನು ಓದಿಸಿಕೊಳ್ಳದೆ ಒತ್ತಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ. ಮಗುವನ್ನು ಬಿಡಿಸಿಕೊಂಡು ಹೋಗಲು ನೀವು ಬರೆದುಕೊಡಬೇಕಾದದ್ದು ‘ಕರೆದಾಗ ಹಾಜರುಪಡಿಸುತ್ತೇನೆ’ ಎಂಬಷ್ಟೇ. ‘ಮುಂದೆ ಕಳ್ಳತನ ಮಾಡುವುದಿಲ್ಲ’ ಎಂಬ ಸಾಲಿದ್ದರೆ ಹಿಂದೆ ಮಾಡಿದ್ದಾನೆ ಎಂದು ಒಪ್ಪಿಕೊಂಡಂತೆ.

ಸಣ್ಣ ಕಳವಿನ ಆರೋಪಕ್ಕೆ ಮಗುವಿನ ಮೇಲೆ ಎಫ್‌ಐಆರ್ ಹಾಕುವಂತಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದು ಮಂಡಳಿಗೆ ತಿಳಿಸಬೇಕು. ಇದಕ್ಕೂ ವಿನಾಯಿತಿ ಇದೆ: ದೊಡ್ಡವರ ಜೊತೆ ಸೇರಿ ಮಾಡಿದ್ದು ಎಂದಾದರೆ ಹಾಕಬಹುದು. ಅದಕ್ಕೇ ಅಣ್ಣ, ಮಾವನ ಹೆಸರಿನ ಜೊತೆ ಹುಡುಗನ ಹೆಸರನ್ನೂ ಎಳೆದು ತರುತ್ತಾರೆ. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡಲಾಗದಂಥ ಘೋರ ಆರೋಪವಿದ್ದು ಹದಿನಾರು ದಾಟಿದ್ದರೆ ದಾರಿ ಬೇರೆ. ಅಲ್ಲಿ ಮೊದಲ ದಿನವೇ ವಕೀಲರಿರಬೇಕು. ಮಕ್ಕಳಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಪತ್ರ ಕೇಳುವಂತಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಫೋನಾದರೆ 15100. ಮಕ್ಕಳ ಸಹಾಯವಾಣಿ 1098.

ಹೊಡೆದಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೊಡೆದವರು ಯಾರೆಂದು ಚೀಟಿಯಲ್ಲಿ ಬರೆಸಿ. ಠಾಣೆಯ ಸಿಸಿಟಿವಿ ದೃಶ್ಯ ಅಳಿಸಬಾರದೆಂದು ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಅರ್ಜಿ ಹಾಕಿ, ರಸೀದಿ ಜೋಪಾನ ಮಾಡಿ. ಕನಿಷ್ಠ ಒಂದು ವರ್ಷ ಆ ದೃಶ್ಯವನ್ನು ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ. ‘ಕ್ಯಾಮೆರಾ ಕೆಟ್ಟಿತ್ತು’ ಎಂದರೆ ಅದನ್ನೂ ಬರಹದಲ್ಲೇ ಕೊಡಲಿ. ಜನಸಾಮಾನ್ಯರ ಕ್ಯಾಮೆರಾಗಳೆಲ್ಲ ನಡೆಯುವಾಗ ಠಾಣೆಯದು ಮಾತ್ರ ಅದೇ ರಾತ್ರಿ ಹೇಗೆ ಕೆಡುತ್ತದೆ?

ಅಪ್ಪ ರೌಡಿ ಪಟ್ಟಿಯಲ್ಲಿದ್ದಾನೆಂದು ಮಗನ ಹೆಸರನ್ನೂ ಹಾಳೆಗೆ ಏರಿಸುವ ಚಾಳಿಯ ಬಗ್ಗೆ 2024ರ ಮೇ 7ರಂದು ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ತೀರ್ಪು ಬಂತು. ಅಪ್ರಾಪ್ತ ಮಕ್ಕಳ ವಿವರ ಹಾಗೆ ಬರೆಯಬಾರದೆಂಬ ದೆಹಲಿ ಪೊಲೀಸರ ಹೊಸ ನಿಯಮವನ್ನು ಉಳಿದ ರಾಜ್ಯಗಳೂ ಪರಿಶೀಲಿಸಬೇಕೆಂದಿತು ಸುಪ್ರೀಂ ಕೋರ್ಟ್. ಅದೇ ವರ್ಷ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸದ ಹಾಗೆ ಆ ತೀರ್ಪನ್ನು ಪಾಲಿಸಿ ಎಂದು ಪೊಲೀಸರಿಗೆ ನೇರ ನಿರ್ದೇಶನ ಕೊಟ್ಟಿತು. ಎರಡೂ ತೀರ್ಪುಗಳ ಹೆಸರು, ತಾರೀಖನ್ನು ನಿಮ್ಮ ಅರ್ಜಿಯಲ್ಲಿ ಬರೆಯಿರಿ.

ಆ ತಾಯಿ ಮೊನ್ನೆ ಮತ್ತೆ ಬಂದಿದ್ದರು. ಕೈಯಲ್ಲಿ ಕಿರಿಯ ಮಗನ ಶಾಲಾ ದಾಖಲೆ. ಐದನೇ ತರಗತಿ. ಹುಟ್ಟಿದ ವರ್ಷದಲ್ಲಿ ಎರಡು ವರ್ಷದ ತಪ್ಪಿದೆ. ಮುಖ್ಯೋಪಾಧ್ಯಾಯರು ‘ಸೂಟಿ ಮುಗಿದ ಮೇಲೆ ಬಾ’ ಎಂದು ಎರಡು ಬಾರಿ ತಿರುಗಿ ಕಳಿಸಿದ್ದಾರಂತೆ. ಅರ್ಜಿ ಬರೆದುಕೊಟ್ಟಿದ್ದೇನೆ, ಸೋಮವಾರ ಅವರ ಜೊತೆ ನಾನೂ ಹೋಗುತ್ತೇನೆ.