ಯಾವ ಬದನೆ, ಯಾವ ಹುಳಕ್ಕೆ?

1. ಬೀಜದ ಪೊಟ್ಟಣದ ಮೇಲೆ ‘ರೋಗ ನಿರೋಧಕ’ ಅಂತಿದ್ದರೆ, ಯಾವ ರೋಗಕ್ಕೆ ಅಂತ ಮೊದಲು ನೋಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ, ಅರ್ಕಾ ನೀಲಕಂಠ ಬ್ಯಾಕ್ಟೀರಿಯಾದ ಸೊರಗು ರೋಗ ತಡೆಯುತ್ತವೆ. ಮುಂಬೈ ಬಳಿಯ ಡೊಂಬಿವಲಿ, ಕಲ್ಯಾಣದ ಮಳೆಗಾಲದಲ್ಲಿ ಅದೇನೂ ಸಣ್ಣ ಲಾಭವಲ್ಲ. ಆದರೆ ಕುಡಿ, ಕಾಯಿ ಎರಡನ್ನೂ ಕೊರೆಯುವ ಹುಳು, ಅಂದರೆ ಕಾಯಿ ಕೊರಕಕ್ಕೆ, ಆ ಹೆಸರುಗಳ ಮುಲಾಜಿಲ್ಲ.

2. ಮಣ್ಣು ಒಣಗಿ ಗಿಡವೆಲ್ಲ ಬಾಡಿದರೆ ನೀರು ಕೊಡಿ. ಬೆಳಗಿನ ತಂಪಿನಲ್ಲೂ ಒಂದೇ ಒಂದು ಕುಡಿ ತಲೆ ಬಾಗಿಸಿದ್ದರೆ ಉಗುರಿನಿಂದ ಸೀಳಿ ನೋಡಿ: ಟೊಳ್ಳಾದ ದಂಟು, ತೇವದ ಹಿಕ್ಕೆ, ಒಳಗೆ ನಸುಗೆಂಪು ಮರಿಹುಳು. ಬಾಡಿದ ಜಾಗದಿಂದ ಒಂದು ಅಂಗುಲ ಕೆಳಗೇ ಕತ್ತರಿಸಿ ಸೋಪಿನ ನೀರಿಗೆ ಹಾಕಿ. ಕುಂಡದಲ್ಲೇ ಬಿಟ್ಟರೆ ಬೆಳೆದ ಹುಳು ಉದುರಿದ ಎಲೆಯ ನಡುವೆ ಕೋಶ ಕಟ್ಟಿ, ಪತಂಗವಾಗಿ ಮೇಲಿನ ಮನೆಯವರ ಬಾಲ್ಕನಿಗೂ ಹಾರುತ್ತದೆ. ಕಾಯಿಯ ಲೆಕ್ಕ ಬೇರೆ. ಮರಿ ಒಳಹೊಕ್ಕ ತೂತು ಬೇಗ ಮುಚ್ಚಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬೀಳುವ ದುಂಡನೆಯ ತೂತು ಹುಳು ಹೊರಟುಹೋದ ದಾರಿ.

3. ಕೊರಕವನ್ನು ಪೂರ್ತಿ ತಡೆಯುವ ಸಾಮಾನ್ಯ ತಳಿ ಇಲ್ಲ, ಹೆಚ್ಚುಕಮ್ಮಿ ಮಾತ್ರ ಇದೆ. ಗೊಂಚಲಾಗಿ ಬಿಡುವ ಸಣ್ಣ, ಉದ್ದನೆಯ ಕಾಯಿಗಳಿಗೆ ಕಾಟ ಸ್ವಲ್ಪ ಕಡಿಮೆ. ಪೂಸಾ ಪರ್ಪಲ್ ಕ್ಲಸ್ಟರ್ ಅಂಥದ್ದು. ದಪ್ಪ ಗುಂಡುಕಾಯಿಗೆ ಹೆಚ್ಚು. ಹಾಗಂತ ಉಡುಪಿಯಿಂದ ಬಂದ ನಮ್ಮವರು ಗುಳ್ಳ ಬಿಟ್ಟಾರೆಯೇ? ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ಆ ರುಚಿ ಮಾತ್ರ ಠಾಣೆಯ ಕುಂಡಕ್ಕೆ ಇಳಿಯುವುದಿಲ್ಲ. ಬೆಳೆಯುವುದಾದರೆ ಕಾಯಿ ಎಳೆಯದಾಗಿರುವಾಗಲೇ ತೆಳುಬಟ್ಟೆಯ ಚೀಲ ಕಟ್ಟಿ.

4. ‘ಹುಳು ಬೀಳದ ಬಿಟಿ ಬೀಜ’ ಅಂತ ಯಾರಾದರೂ ಕೊಟ್ಟರೆ ಬೇಡವೆನ್ನಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಉಡುಪಿ ಗುಳ್ಳ, ಮಳಾಪುರದಂಥ ನಾಟಿ ತಳಿಗಳಿಗೇ ಹುಳು ಕೊಲ್ಲುವ ಬಿಟಿ ಜೀನ್ ಸೇರಿಸಿದ್ದು ನಿಜ. ಆದರೆ 2009ರ ಅಕ್ಟೋಬರಿನಲ್ಲಿ ಸಿಕ್ಕ ಕೇಂದ್ರದ ಅನುಮೋದನಾ ಸಮಿತಿಯ ಒಪ್ಪಿಗೆಯನ್ನು 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆಹಿಡಿದರು. ಬಾಂಗ್ಲಾದೇಶ ಮಾತ್ರ 2013ರಲ್ಲಿ ಬಿಟಿ ಬದನೆಗೆ ಅನುಮತಿ ಕೊಟ್ಟಿತು.

5. ಬೇವಿನೆಣ್ಣೆ ಜಿಗಿಹುಳು, ಬಿಳಿನೊಣಕ್ಕೆ ಸರಿ. ಕಾಯಿಯ ಒಳಗೆ ಕೂತವನನ್ನು ಅದು ಮುಟ್ಟುವುದೇ ಇಲ್ಲ.

6. ವಾಶಿ ಮಾರುಕಟ್ಟೆಯ ಬದನೆಯಲ್ಲಿ ಹುಳು ಸಿಕ್ಕಿತೆಂದು ‘ಔಷಧಿ ಹೊಡೆದಿಲ್ಲ’ ಅಂದುಕೊಳ್ಳಬೇಡಿ. ಹೊರಗೆ ಎಷ್ಟು ಹೊಡೆದರೂ ಒಳಗಿದ್ದವನು ಬದುಕುತ್ತಾನೆ, ಅದಕ್ಕೇ ಬೆಳೆಗಾರರು ಮತ್ತೆ ಮತ್ತೆ ಹೊಡೆಯುವುದು. ಹುಳು ಇರಲಿ ಬಿಡಲಿ, ಚೆನ್ನಾಗಿ ತೊಳೆದೇ ಹೆಚ್ಚಿ.